ಮಾವನ ಮೂರು ಸೀಟಿ

ಇಡೀ ಅನಾಹುತಕ್ಕೆ ಕಾರಣ ಎರಡು ಸ್ಕ್ರೂ. ಒಂದೊಂದೂ ಎರಡಂಗುಲ ಉದ್ದ. ಆ ಎರಡು ಸ್ಕ್ರೂಗಳು ಸೇರಿಕೊಂಡು ಕೆಂಚನಕೊಪ್ಪಲಿನ ಮುನ್ನೂರು ಜನರನ್ನು ಒಂದೇ ದಿನ ಮೂರು ಸಲ ಓಡಿಸಿದವು. ನಾಲ್ಕನೆಯ ಸಲ ಓಡಿಸಿದವರು ಯಾರು ಎನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ. ನಾನು ಅಳತೆಗಿಂತ ಒಂದು ಗೇಣು ಹೆಚ್ಚು ಹೇಳುವವನಲ್ಲ. ಆ ಓಟದ ಧೂಳು ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ನಿಂತವರ ಕಾಫಿ ಲೋಟದೊಳಗೆ ಬಿತ್ತು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ವೀರಭದ್ರಸ್ವಾಮಿ ಆ ಊರಿಗೆ ಮನೆ ಅಳಿಯನಾಗಿ ಬಂದವನು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದ. ಅವನು ಬಿಚ್ಚಿ ಜೋಡಿಸದ ರೇಡಿಯೋ ಹುಣಸೂರು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಅಂಥ ಜಾಣನಿಗೆ ಒಂದೇ ಕಾಯಿಲೆ. ಯಾರಾದರೂ ಕೂಗಿದರೆ ಸಾಕು, ಕೈಲಿದ್ದದ್ದನ್ನು ಅಲ್ಲೇ ಬಿಟ್ಟು ಓಡುತ್ತಿದ್ದ. ಓಡಿದ ಮೇಲೆ ಬಿಟ್ಟ ಕೆಲಸಕ್ಕೆ ವಾಪಸು ಬರುವ ದಾರಿ ಅವನಿಗೆ ಮರೆತುಹೋಗುತ್ತಿತ್ತು. ಅವನ ಮದುವೆಯ ವರ್ಷ ಅರ್ಧ ಬಳಿದ ಹಿತ್ತಿಲ ಗೋಡೆ ಐದು ವರ್ಷವಾದರೂ ಅರ್ಧವೇ ಇತ್ತು.

ಅತ್ತೆ ಶಿವರುದ್ರಮ್ಮನಿಗೆ ಒಂದು ಹೊಗೆಸೊಪ್ಪಿನ ಬ್ಯಾರನ್ ಇತ್ತು. ಬ್ಯಾರನ್ ಎಂದರೆ ಕಿಟಕಿಯಿಲ್ಲದ, ತೆಂಗಿನ ಮರ ನಿಲ್ಲಿಸಿದರೂ ತಲೆ ಬಗ್ಗಿಸಬೇಕಾಗದಷ್ಟು ಎತ್ತರದ ಕತ್ತಲ ಕೋಣೆ. ಕಡ್ಡಿಗಳಿಗೆ ಕಟ್ಟಿದ ಸೊಪ್ಪು ಒಳಗೆ ಸಾಲುಸಾಲಾಗಿ ತಲೆಕೆಳಗಾಗಿ ನೇತಾಡುತ್ತದೆ. ಹೊರಗಿನ ಒಲೆಗೆ ಸೌದೆ ಹಾಕಿದರೆ ಒಳಗೆ ನೆಲದ ಮೇಲಿನ ಕಬ್ಬಿಣದ ಕೊಳವೆ ಕಾಯುತ್ತದೆ, ಸೊಪ್ಪು ಬೇಯುತ್ತದೆ. ಕಾವು ಕಡಿಮೆಯಾದರೆ ಸೊಪ್ಪು ಕಪ್ಪು. ಹೆಚ್ಚಾಗಿ, ಒಂದು ಒಣ ಎಲೆ ಕೊಳವೆಯ ಮೇಲೆ ಉದುರಿದರೆ ವರ್ಷದ ಬೆಳೆಯೇ ಬೂದಿ. ಅದಕ್ಕೇ ಐದಾರು ದಿನ ಯಾರಾದರೊಬ್ಬರು ಅದರ ಮುಂದೆ ಕೂತು ಕಾಯಲೇಬೇಕು.

ಮೊದಲು ಕೂರುತ್ತಿದ್ದವರು ಮಾವ ಪುಟ್ಟಮಲ್ಲಪ್ಪ. ಅವರ ಕೊರಳಲ್ಲಿ ಒಂದು ಹಿತ್ತಾಳೆ ಸೀಟಿ. ಮೂರು ಸಲ ಊದಿದರೆ ಬ್ಯಾರನ್ನಿಗೆ ಅಪಾಯ ಎಂದರ್ಥ. ಊರಿನವರೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ಓಡಿಬರಬೇಕು, ಅದು ಊರಿನ ಕಟ್ಟಳೆ. ಒಮ್ಮೆ ಮದುವೆ ಚಪ್ಪರದಲ್ಲಿ ಗಂಡು ಎರಡು ಗಂಟು ಹಾಕಿ ಮೂರನೆಯದನ್ನು ಬಿಟ್ಟು ಓಡಿಬಂದಿದ್ದ. ಪುಟ್ಟಮಲ್ಲಪ್ಪ ನಾಲ್ಕು ವರ್ಷದ ಹಿಂದೆ ಆ ಒಲೆಯ ಮುಂದೆಯೇ ಕೂತಲ್ಲೇ ತೀರಿಕೊಂಡರು. ಅಂದಿನಿಂದ ಆ ಜಾಗ ಅಳಿಯನ ಪಾಲಿಗೆ ಬಂತು.

ವೀರಭದ್ರಸ್ವಾಮಿಗೆ ಹುಣಸೂರಿನಲ್ಲಿ ಟಿ.ವಿ. ರಿಪೇರಿ ಅಂಗಡಿ ಇಡುವ ಆಸೆ. ಮಳಿಗೆಯೂ ಗೊತ್ತಾಗಿತ್ತು. ಆದರೆ ಮಳಿಗೆಯ ಬೀಗದಕೈ ಅತ್ತೆಯ ಎಲೆಅಡಿಕೆ ಚೀಲ ಸೇರಿತ್ತು. "ಬ್ಯಾರನ್ ಕಾಯೋರು ಯಾರು?" ಎನ್ನುವುದು ಅತ್ತೆಯ ಒಂದೇ ಪ್ರಶ್ನೆ. ಉತ್ತರವಾಗಿ ಅಳಿಯ ಎರಡು ವರ್ಷ ತಲೆ ಕೆಡಿಸಿಕೊಂಡು ಒಂದು ಡಬ್ಬಿ ಮಾಡಿದ. ಕಾವು ಅಳೆಯುವುದು, ಅದನ್ನು ಕೆಂಪು ಅಂಕಿಯಲ್ಲಿ ತೋರಿಸುವುದು, ಒಲೆಯ ಫ್ಯಾನನ್ನು ನಡೆಸುವುದು, ಕಾವು ಮೀರಿದರೆ ಮೂರು ಸಲ ಕೂಗುವುದು, ಎಲ್ಲವೂ ಅದರೊಳಗಿನ ಒಂದೇ ಒಂದು ಚಿಪ್ಪಿನ ಕೆಲಸ.

ಎರಡು ಸಾವಿರದ ಮೂರನೆಯ ಇಸವಿಯ ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಶಿವರುದ್ರಮ್ಮ ಒಪ್ಪಂದ ಹೇಳಿದರು. "ಇವತ್ತು ದೀಪ ಅಚ್ಚೋಗಂಟ ನೀವು ಒಲೆ ಮುಂದೆ ಕುಂತ್ಕಬಾರ್ದು. ಡಬ್ಬಿ ಒಂದೇ ನೋಡ್ಕಂಡ್ರೆ ಬೀಗದಕೈ ತಕ್ಕಂಡು ನಾಳೀಕೇ ಉಣ್ಸೂರಿಗೆ ಒಂಟೋಗಿ. ಇಲ್ದಿದ್ರೆ ಡಬ್ಬಿ ಒಲೆಯೊಳೀಕೆ, ನೀವು ಒಲೆ ಮುಂದ್ಕೆ."

ಪಕ್ಕದ ಹೊಲದ ಗೋವಿಂದಯ್ಯ ಬೀಡಿ ಕಚ್ಚಿಕೊಂಡು ಪರೀಕ್ಷೆಗೆ ಬಂದ. ಊರಿಗೆಲ್ಲ ಬೇಡದ ಸಹಾಯ ಹಂಚುವವನು ಅವನು. "ಓದ್ಸಲ ತಂದಿದ್ ಡಬ್ಬಿ ಕೂಗೋವೊತ್ಗೆ ಸೊಪ್ಪು ಕರೀಕಾಗಿತ್ತಲ್ಲ ಅಳಿಯಂದ್ರೆ?"

"ಅದು ಹಳೇದು ಗೋವಿಂದಯ್ಯನೋರೆ. ಅದು ಕರೆಂಟ್ ಬಿಲ್ಲಿನವನ ಥರ ಮನೆಮನೆ ಸುತ್ತುತ್ತಿತ್ತು. ಅಂಕಿ ಹತ್ರ ಹೋಗಿ ಏನ್ಸಮಾಚಾರ ಅನ್ನೋದು, ಫ್ಯಾನ್ ಹತ್ರ ಹೋಗಿ ಏನ್ಸಮಾಚಾರ ಅನ್ನೋದು. ಕಾವಿನ ಮನೆಗೆ ಬರೋ ಹೊತ್ಗೆ ಆ ಮನೆ ಸುಟ್ಟೋಗಿರೋದು. ಇದು ಹಂಗಲ್ಲ. ಇದು ಯಾರನ್ನೂ ಕೇಳಕ್ಕೆ ಹೋಗಲ್ಲ. ಅವರೇ ಕೂಗ್ತಾರೆ. ಕೂಗಿದ ತಕ್ಷಣ ಕೈಲಿರೋದ್ನ ಬಿಟ್ಟು ಓಡ್ತದೆ. ಇಂಟರಪ್ಟ್ ಅಂತಾರೆ ಇದಕ್ಕೆ."

"ಅಂದ್ರೆ ಮನೆ ಅಳಿಯ ಇದ್ದಂಗೆ ಅನ್ನಿ."

"ಅಲ್ಲ," ಎಂದ ವೀರಭದ್ರಸ್ವಾಮಿ ಮುಖ ಗಂಟಿಕ್ಕಿ. "ಇಬ್ಬರು ಒಟ್ಟಿಗೆ ಕೂಗಿದರೆ ಯಾರಿಗೆ ಮೊದಲ ಮರ್ಯಾದೆ ಅಂತ ಇದಕ್ಕೆ ಗೊತ್ತು. ಕೆಲಸ ಮುಗಿದ ಮೇಲೆ ಎಲ್ಲಿ ಬಿಟ್ಟಿತ್ತೋ ಅಲ್ಲಿಗೇ ವಾಪಸ್ ಬರ್ತದೆ."

"ಅಂಗಾರೆ ಅಳಿಯ ಅಲ್ಲ ಬುಡಿ."

ಡಬ್ಬಿಗೆ ಇನ್ನೆರಡು ಸೌಕರ್ಯ ಇದ್ದವು. ಒಳಗೆ ಕಿವಿ ಮುಚ್ಚುವ ಒಂದು ಪುಟ್ಟ ಸ್ವಿಚ್ಚು. ರಿಪೇರಿ ಮಾಡುವಾಗ ಅದನ್ನು ಒತ್ತಿದರೆ ಯಾರು ಕೂಗಿದರೂ ಡಬ್ಬಿಗೆ ಕೇಳಿಸದು. ಹೊರಗೆ, ಬ್ಯಾರನ್ ಬಾಗಿಲಿನ ಚೌಕಟ್ಟಿನಲ್ಲಿ, ಒಂದು ಕೆಂಪು ಗುಂಡಿ. ಮನುಷ್ಯರು ಅಪಾಯ ಕಂಡರೆ ಒತ್ತಲಿಕ್ಕೆ. ಎಲ್ಲರಿಗಿಂತ ಮೊದಲ ಮರ್ಯಾದೆ ಆ ಗುಂಡಿಗೇ.

ಕೆಂಪು ಗುಂಡಿ ಕೂರಿಸುವುದೊಂದೇ ಬಾಕಿ ಇತ್ತು. ಅಂಗಳದಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ ವೀರಭದ್ರಸ್ವಾಮಿಗೆ ಅದು ನೆನಪಾದದ್ದು ಎಡಗೆನ್ನೆ ಮುಗಿದಾಗ. ಬಲಗೆನ್ನೆಗೆ ಹಚ್ಚಿದ ಸೋಪಿನ ಸಮೇತ ಎದ್ದು ಹೋಗಿ ಚೌಕಟ್ಟಿಗೆ ಎರಡು ಸ್ಕ್ರೂ ತಿರುಗಿಸಿ ತಂತಿ ಸುತ್ತಿದ. ಆಗ ಎದುರುಮನೆ ರಾಚಮ್ಮ ಕೂಗಿದಳು. "ಅಳಿಯಂದ್ರೆ, ನಮ್ಮ ಟಿ.ವಿ.ಲಿ ಬರೀ ಇರುವೆ ಅರೀತಾವೆ, ವಸಿ ಬನ್ನಿ." ಗುಂಡಿಯನ್ನು ಜೇಬಿಗೆ ಹಾಕಿಕೊಂಡು ಹೋದ. ಟಿ.ವಿ. ಬಿಚ್ಚಿದ್ದಾಗ ಹೆಂಡತಿ ರಮ್ಯ ಕೂಗಿದಳು, ಎಡೆಗೆ ಬಾಳೆಲೆ ಬೇಕೆಂದು. ಬಾಳೆಲೆ ಕುಯ್ಯುತ್ತಿದ್ದಾಗ ಇನ್ಯಾರೋ ಕೂಗಿದರು. ಸೋಪು ಕೆನ್ನೆಯ ಮೇಲೆ ಒಣಗಿತು. ಎರಡು ಸ್ಕ್ರೂಗಳು ಚೌಕಟ್ಟಿನಿಂದ ಕರುವಿನ ಕೊಂಬುಗಳಂತೆ ಹೊರಕ್ಕೆ ಚಾಚಿಕೊಂಡೇ ಉಳಿದವು.

ಹನ್ನೊಂದು ಗಂಟೆ. ಅಮಾವಾಸ್ಯೆಯ ಬಿಸಿಲು ಬೆಳ್ಳಗೆ ಉರಿಯುತ್ತಿತ್ತು. ಗಾಳಿ ಇಲ್ಲ. ಹಿರಿಯರಿಗೆ ಎಡೆ ಇಡುವ ದಿನ ಕಾಗೆಗಳು ಸೂರಿನ ಮೇಲೆ ಸಂತೆ ನೆರೆಸಬೇಕು. ಅಂದು ಊರಿನಲ್ಲಿ ಒಂದೂ ಕಾಗೆ ಇರಲಿಲ್ಲ. ಆ ನಿಶ್ಶಬ್ದದೊಳಗಿಂದ ಬ್ಯಾರನ್ ಕೂಗಿತು.

ಪೀ. ಪೀ. ಪೀ.

ಊರು ಓಡಿತು. ಅರ್ಧ ಹಾಲು ಕರೆದ ಹಸುಗಳು ಕರೆದವರ ಹಿಂದೆಯೇ ಓಡಿದವು. ವೀರಭದ್ರಸ್ವಾಮಿ ಓಡಿಹೋಗಿ ನೋಡಿದ. ಅಂಕಿ ನೂರ ನಲವತ್ತು, ಇರಬೇಕಾದಷ್ಟೇ. ಒಳಗೆ ಸೊಪ್ಪು ಅಲುಗಾಡದೆ ನೇತಾಡುತ್ತಿದೆ. ಬಾಗಿಲ ಬಳಿ ನರಪಿಳ್ಳೆಯೂ ಇರಲಿಲ್ಲ.

"ಏನೋ ಪರೀಕ್ಷೆಗೆ ಕೂಗಿರ್ತದೆ," ಎಂದ.

"ಮೂರು ಸತಿ ಕೂಗ್ತಲ್ಲ ಅಳಿಯಂದ್ರೆ," ಎಂದಳು ರಾಚಮ್ಮ, ತಗ್ಗಿದ ದನಿಯಲ್ಲಿ. "ಪುಟ್ಟಮಲ್ಲಪ್ಪೋರೂ ಅಂಗೇ ಅಲ್ವಾ ಊದ್ತಿದ್ದುದು."

ಜನ ಬಂದಷ್ಟು ಜೋರಾಗಿ ವಾಪಸು ಹೋಗಲಿಲ್ಲ. ಒಬ್ಬೊಬ್ಬರೂ ಹಿಂದಕ್ಕೆ ನೋಡುತ್ತಾ ಹೋದರು.

ನಡು ಮಧ್ಯಾಹ್ನ ಶಿವರುದ್ರಮ್ಮ ಗಂಡನ ಫೋಟೋದ ಮುಂದೆ ಎಡೆ ಇಟ್ಟರು. ಕಡುಬು, ಪಾಯಸ, ಅವರೆಕಾಳಿನ ಸಾರು, ಮುದ್ದೆ. ಸೆರಗೊಡ್ಡಿ ಕಣ್ಣುಮುಚ್ಚಿ, "ಎಲ್ಲಿದ್ರೂ ಬಂದು ಉಂಡೋಗಿ," ಎಂದರು.

ಪೀ. ಪೀ. ಪೀ.

ರಮ್ಯಳ ಕೈಯಿಂದ ನೀರಿನ ಚೊಂಬು ಜಾರಿತು. ಅದು ಉರುಳಿ ಉರುಳಿ ನಿಂತ ಮೇಲೂ ಯಾರೂ ಬಗ್ಗಿ ಎತ್ತಲಿಲ್ಲ. ಶಿವರುದ್ರಮ್ಮ ಕಣ್ಣು ತೆರೆಯಲಿಲ್ಲ. "ಬಂದವ್ರೆ," ಎಂದರು, ಪಕ್ಕದೂರಿನಿಂದ ನೆಂಟರು ಬಂದ ಹಾಗೆ.

ಊರು ಎರಡನೆಯ ಸಲ ಓಡಿತು. ಈ ಸಲ ಬ್ಯಾರನ್ನಿನಿಂದ ಐವತ್ತು ಮಾರು ದೂರದಲ್ಲೇ ನಿಂತುಕೊಂಡಿತು. ವೀರಭದ್ರಸ್ವಾಮಿ ಒಬ್ಬನೇ ಬಾಗಿಲು ತೆಗೆದ. ಕಾದ ಕತ್ತಲೆ ಮುಖಕ್ಕೆ ಹೊಡೆಯಿತು. ಒಣಗಿದ ಸೊಪ್ಪು ಎಲ್ಲೋ ಮೇಲೆ ಸರಸರ ಎಂದಿತು. ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡಂತೆ ಒಂದು ಸದ್ದು. ಅವನ ಕೆನ್ನೆಯ ಒಣ ಸೋಪು ಬೆವರಿಗೆ ಮತ್ತೆ ನೊರೆಯಾಯಿತು. ಬಾಗಿಲನ್ನು ದಢಾರನೆ ಹಾಕಿದ.

ಪೀ. ಪೀ. ಪೀ.

ಮೂರನೆಯ ಸಲ ಊರು ಓಡಿದ್ದು ಬ್ಯಾರನ್ ಕಡೆಗಲ್ಲ, ಬ್ಯಾರನ್ನಿನಿಂದ ಆಚೆಗೆ. ಕೆಲವರು ಕಾವೇರಿ ದಾಟಿದ ಮೇಲೆ ನಿಂತರು ಎನ್ನುತ್ತಾರೆ. ಓಡದೆ ಉಳಿದವನು ಗೋವಿಂದಯ್ಯ. ಧೈರ್ಯದಿಂದಲ್ಲ, ಕಾಲು ಬರದೆ. ಉಳಿದದ್ದಕ್ಕೆ ಏನಾದರೂ ಮಾಡಬೇಕಲ್ಲ, ಉದ್ದನೆಯ ಬಿದಿರು ಗಳ ತಂದು ಬಾಗಿಲ ಸಂದಿಯಿಂದ ಒಳಗೆಲ್ಲ ತಿವಿದ. "ಯಾರವ್ರೆ ಒಳಗೆ? ಇದ್ರೆ ಎದ್ಬುಡಿ ಮಲ್ಲಪ್ನೋರೆ." ಎರಡು ಮೂರು ಕಡ್ಡಿಗಳು ಜಾಗ ಬಿಟ್ಟು ಕದಲಿದವು. ಆಮೇಲೆ, "ಚಳಿಗೆ ಕೂಗ್ತಾವರೋ ಏನೋ ಪಾಪ," ಎಂದು ಒಲೆಗೆ ಹುಣಸೆಯ ಎರಡು ದಪ್ಪ ಕೊರಡುಗಳನ್ನು ತುರುಕಿದ. ಸಹಾಯ ಅಂದರೆ ಅವನದು.

ಓಡಿದವರು, ರಾಚಮ್ಮ ಮೊದಲಾಗಿ, ಒಬ್ಬೊಬ್ಬರೇ ತಿರುಗಿ ಬಂದು ದೂರದಲ್ಲಿ ನಿಂತರು. ಶಿವರುದ್ರಮ್ಮ ಅಳಿಯನ ಮುಂದೆ ಬಂದು ನಿಂತರು. "ಸಂಜೆ ಆಗ್ನಿಲ್ಲ ಅಂತ ಸುಮ್ಕಿವ್ನಿ. ಈ ಡಬ್ಬಿ ಇನ್ನೊಂದ್ಸತಿ ಸುಮ್ಸುಮ್ಕೆ ಕೂಗಿದ್ರೆ ಒಲೆಗಾಕ್ತೀನಿ."

ಹುಣಸೂರಿನ ಮಳಿಗೆ ವೀರಭದ್ರಸ್ವಾಮಿಯ ಕಣ್ಣಮುಂದೆಯೇ ಷಟರ್ ಎಳೆದುಕೊಂಡಿತು. ಅವನು ಡಬ್ಬಿ ಬಿಚ್ಚಿದ. ಮೊದಲು ಕಿವಿ ಮುಚ್ಚುವ ಸ್ವಿಚ್ಚನ್ನು ಒತ್ತಿದ. ಆಮೇಲೆ ಒಂದೊಂದೇ ತಂತಿ ಹಿಡಿದು, ಕಳೆದುಹೋದ ಎತ್ತಿನ ಹೆಜ್ಜೆ ಹಿಡಿದವನಂತೆ ಬಗ್ಗಿ ಬಗ್ಗಿ ನಡೆದ. ತಂತಿ ಗೋಡೆ ಸುತ್ತಿ ಬಾಗಿಲ ಚೌಕಟ್ಟಿಗೆ ಬಂತು. ಅಲ್ಲಿ ತಲೆ ಎತ್ತಿ ನೋಡಿದ.

ಎರಡು ಸ್ಕ್ರೂಗಳಿಗೆ ಅಡ್ಡಲಾಗಿ ಒಂದು ದಪ್ಪ ನಿಂಬೆಹಣ್ಣು ಚುಚ್ಚಿಕೊಂಡು ಕೂತಿತ್ತು. ಅದರ ಕೆಳಗೆ ಐದು ಹಸಿಮೆಣಸಿನಕಾಯಿ, ಒಂದು ಇದ್ದಿಲು. ನಿಂಬೆಯ ಹುಳಿ ಎರಡು ಸ್ಕ್ರೂಗಳ ನಡುವೆ ತೊಟ್ಟಿಕ್ಕುತ್ತಿತ್ತು.

"ರಾಚಮ್ಮ, ಇದನ್ನ ಇಲ್ಲಿ ಇಟ್ಟೋರು ಯಾರು?"

"ನಾನೇ ಕಣಪ್ಪ. ಅಮಾಸೆ ಅಲ್ವಾ, ಒಸಾ ಡಬ್ಬಿಗೆ ಯಾರ ಕಣ್ಣೂ ಬೀಳ್ದಿರ್ಲಿ ಅಂತ. ನೀವೇ ಮೊಳೆ ಒಡೆದು ರೆಡಿ ಮಾಡಿದ್ರಲ್ಲ."

ವೀರಭದ್ರಸ್ವಾಮಿ ನಿಂಬೆಹಣ್ಣನ್ನು ಕಿತ್ತು ಮೇಲೆತ್ತಿ ಹಿಡಿದ. ಯುದ್ಧ ಗೆದ್ದ ಪಾಳೇಗಾರರು ಕೂಡ ಶತ್ರುವಿನ ತಲೆಯನ್ನು ಅಷ್ಟು ಎತ್ತರಕ್ಕೆ ಹಿಡಿದಿರಲಾರರು. "ನೋಡ್ರಪ್ಪಾ, ನಿಮ್ಮ ದೆವ್ವ ಇದು. ಹುಳಿನೀರಲ್ಲಿ ಕರೆಂಟು ಹರೀತದೆ. ಬಾಗಿಲು ಬಡಿದಾಗ, ರಸ ಇಳಿದಾಗ ಯಾರೋ ಗುಂಡಿ ಒತ್ತಿದಾರೆ ಅಂದ್ಕೊಂಡು ಡಬ್ಬಿ ಕೂಗಿದೆ. ಅದರದ್ದೇನು ತಪ್ಪು? ಕೂಗಿದೋರಿಗೆ ಓಗೊಟ್ಟಿದೆ."

ದೂರ ನಿಂತವರು ಹತ್ತಿರ ಬಂದರು. ಯಾರೋ ನಕ್ಕರು, ಎಲ್ಲರೂ ನಕ್ಕರು. ಗೋವಿಂದಯ್ಯ ನಕ್ಕಿದ್ದಕ್ಕೆ ಎರಡು ಮೈಲಿ ಆಚೆ ಒಂದು ಕರು ಹಗ್ಗ ಕಿತ್ತುಕೊಂಡಿತು. ಶಿವರುದ್ರಮ್ಮ ಕೂಡ ಎಲೆಅಡಿಕೆ ಚೀಲದ ಮೇಲೆ ಕೈಯಿಟ್ಟು, "ಅಂಗಾರೆ ದೀಪ ಅಚ್ಚಿದ ಮೇಲೆ ಬನ್ನಿ," ಎಂದರು.

ವೀರಭದ್ರಸ್ವಾಮಿ ಜೇಬಿನಿಂದ ಕೆಂಪು ಗುಂಡಿ ತೆಗೆದು ಕೂರಿಸಿದ. ಇನ್ನು ಡಬ್ಬಿಯ ಬಳಿ ಹೋಗಿ ಕಿವಿಯ ಸ್ವಿಚ್ಚು ಬಿಡಿಸುವುದಷ್ಟೇ ಬಾಕಿ. ಆ ಗಳಿಗೆಗೆ ಸರಿಯಾಗಿ ರಮ್ಯ ಕೂಗಿದಳು. "ರೀ, ಎಲೆ ಆಕಿದ್ದೀನಿ, ಬನ್ನಿ."

ಅವನು ಹೋದ.

ಮೂರೂವರೆ ಗಂಟೆ ಇರಬಹುದು. ಹಿರಿಯರ ಎಡೆ ಇನ್ನೂ ಹಾಗೇ ಇತ್ತು, ಕಾಗೆ ಮುಟ್ಟಿರಲಿಲ್ಲ. ವೀರಭದ್ರಸ್ವಾಮಿ ಮೊದಲ ತುತ್ತು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಯ ತನಕ ತಂದಿದ್ದ.

ಸೀಟಿ ಊದಿತು. ಉದ್ದಕ್ಕೆ, ನಿಧಾನವಾಗಿ. ಒಂದು. ಎರಡು. ಮೂರು.

ತುತ್ತು ಎಲೆಗೆ ಬಿತ್ತು. ಊರು ನಾಲ್ಕನೆಯ ಸಲ ಓಡಿತು. ಈ ಸಲ ಯಾರೂ ಯೋಚಿಸಲಿಲ್ಲ, ಕಾಲುಗಳೇ ನಾಲ್ಕು ವರ್ಷದ ಹಿಂದಿನ ಅಭ್ಯಾಸಕ್ಕೆ ಓಡಿದವು. ಬ್ಯಾರನ್ನಿನ ಮಾಡಿನ ಸಂದಿಯಿಂದ ತೆಳುವಾದ ನೀಲಿ ಹೊಗೆ ಏಳುತ್ತಿತ್ತು. ಬಾಗಿಲು ತೆಗೆದರೆ, ಗೋವಿಂದಯ್ಯನ ಗಳಕ್ಕೆ ಕದಲಿದ್ದ ಒಂದು ಕಡ್ಡಿ ಸೊಪ್ಪಿನ ಸಮೇತ ಕಾದ ಕೊಳವೆಯ ಮೇಲೆ ಬಿದ್ದು ಅಂಚಿನಲ್ಲಿ ಕೆಂಪಗೆ ಹೊತ್ತಿಕೊಂಡಿತ್ತು. ಇನ್ನೊಂದು ಎಲೆಅಡಿಕೆ ಹಾಕಿಕೊಳ್ಳುವಷ್ಟು ತಡವಾಗಿದ್ದರೆ ಮುಗಿಯುತ್ತಿತ್ತು. ಗಳದಲ್ಲಿ ಅದನ್ನು ಹೊರಗೆಳೆದರು, ಗೋಣಿ ಒದ್ದೆ ಮಾಡಿ ಬಡಿದರು, ಒಲೆಯಿಂದ ಹುಣಸೆ ಕೊರಡುಗಳನ್ನು ಹೊರಕ್ಕೆಳೆದು ನೀರು ಹೊಯ್ದರು. ಒಂದು ಕಡ್ಡಿಯ ಸೊಪ್ಪು ಹೋಯಿತು. ಉಳಿದ ಬೆಳೆ ಉಳಿಯಿತು.

"ಬೇಷ್ ಡಬ್ಬಿ," ಎಂದ ಗೋವಿಂದಯ್ಯ ಮುಖದ ಮಸಿ ಒರೆಸಿಕೊಳ್ಳುತ್ತಾ. "ಸರ್ಯಾದ್ ಟೈಮ್ಗೆ ಕೂಗ್ತು. ನಮ್ಗೂ ಒಂದು ಮಾಡ್ಕೊಡಿ ಅಳಿಯಂದ್ರೆ."

ವೀರಭದ್ರಸ್ವಾಮಿ ಎದೆಯುಬ್ಬಿಸಿಕೊಂಡು ಡಬ್ಬಿಯ ಮುಚ್ಚಳ ತೆಗೆದ. ಎದೆ ಹಾಗೇ ಇಳಿಯಿತು.

ಕಿವಿಯ ಸ್ವಿಚ್ಚು ಮುಚ್ಚಿಯೇ ಇತ್ತು.

ಕೆಂಪು ಅಂಕಿ ನೂರ ತೊಂಬತ್ತೆಂಟು ತೋರಿಸುತ್ತಿತ್ತು. ಕಾವು ಕೂಗಿ ಕೂಗಿ ಸತ್ತಿತ್ತು, ಡಬ್ಬಿಗೆ ಕೇಳಿಸಿರಲಿಲ್ಲ. ಅದು ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಈಗ ನೆನೆಸಿಕೊಂಡರೆ, ಡಬ್ಬಿಯದು ಕೋಳಿಮರಿಯ ದನಿ. ಆಗ ಕೇಳಿದ್ದು ಹಿತ್ತಾಳೆಯ ದನಿ.

ಕೂಗಿದ್ದು ನನ್ನ ಡಬ್ಬಿ ಅಲ್ಲ ಎಂದರೆ ಡಬ್ಬಿ ಸೋತಂತೆ, ಬೀಗದಕೈ ಹೋದಂತೆ. ಅವನು ಮುಚ್ಚಳ ಹಾಕಿ ಎಲ್ಲರ ಕಡೆ ತಿರುಗಿದ. "ಹೂಂ," ಎಂದ. "ಡಬ್ಬೀನೇ ಕೂಗಿದ್ದು. ಇನ್ಯಾರು ಕೂಗ್ತಾರೆ?"

"ನಿಂಬೆಹಣ್ ಕಿತ್ತಾಕಿದ ಮೇಲೂ ಕೂಗ್ತಲ್ಲ?" ಎಂದಳು ರಾಚಮ್ಮ.

"ಕೂಗ್ತು."

"ನಿಜವಾ?" ಶಿವರುದ್ರಮ್ಮ ಅಳಿಯನ ಕಣ್ಣನ್ನೇ ನೋಡಿದರು. "ಆ ಸೀಟಿ ನಿಮ್ ಡಬ್ಬಿಯಿಂದ್ಲೇ ಬಂತು ಅಂತೀರಾ?"

"ಆಣೆ ಮಾಡ್ತೀನಿ ಅತ್ತೆ."

ಶಿವರುದ್ರಮ್ಮ ಸೆರಗು ಹೊದ್ದು ಡಬ್ಬಿಗೆ ಕೈ ಮುಗಿದರು. ಹಣೆಯ ವಿಭೂತಿಯನ್ನೇ ಬೆರಳಲ್ಲಿ ತೆಗೆದು ಅದರ ಮುಚ್ಚಳಕ್ಕೆ ಮೂರು ಗೆರೆ ಎಳೆದರು. ಬ್ಯಾರನ್ನಿನ ನೆತ್ತಿಯ ಮೇಲೆ ಎಲ್ಲಿಂದಲೋ ಬಂದ ಒಂದೇ ಒಂದು ಕಾಗೆ ಕೂತಿತ್ತು.

"ನಲವತ್ತು ವರ್ಸ ಸಂಸಾರ ಮಾಡಿವ್ನಿ, ಅವ್ರ ಸೀಟಿ ನಂಗ್ ಗೊತ್ತಾಗಲ್ವಾ," ಎಂದರು. "ಡಬ್ಬಿಯೊಳೀಕೆ ಬಂದು ಕುಂತವ್ರೆ. ಮಾವನೋರು ಕರೆದಾಗ ಯಾರೂ ಇಲ್ದಿದ್ರೆ ಚೆಂದಾಗಿರಲ್ಲ. ಉಣ್ಸೂರ್ ಮಾತು ಬುಡಿ. ಇಲ್ಲೇ ಚಾಪೆ ಆಕಿಸ್ತೀನಿ, ಅವ್ರ ಮುಂದೇನೇ ಇರಿ."

ಆಣೆ ಮಾಡಿ ಆಗಿತ್ತು. ಸುತ್ತ ನಿಂತವರು ತಲೆದೂಗಿದರು. ಗೋವಿಂದಯ್ಯ ತನ್ನ ಬೇಡಿಕೆಯನ್ನು ಅಲ್ಲೇ ತಿದ್ದಿಕೊಂಡ. "ನಂಗೆ ಖಾಲಿ ಡಬ್ಬಿ ಬ್ಯಾಡ ಬುಡಿ ಅಳಿಯಂದ್ರೆ. ಒಳಗೆ ಯಾರಾರ ಇರೋದಿದ್ರೆ ಏಳಿ."

ಎಲ್ಲರೂ ಕೈಕಾಲು ತೊಳೆಯಲು ಹೋದ ಮೇಲೆ ವೀರಭದ್ರಸ್ವಾಮಿ ಡಬ್ಬಿಯ ಬ್ಯಾಟರಿ ತಂತಿ ಎರಡನ್ನೂ ಕಿತ್ತು ಜೇಬಿಗೆ ಹಾಕಿಕೊಂಡ. ಕೆಂಪು ಅಂಕಿ ಆರಿತು. ಹೊತ್ತು ಮುಳುಗುವಾಗ ಮನೆಗೆ ಬಂದ. ಜಗಲಿಯ ಮೇಲೆ ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು. ಬಾಯಿ ತೆರೆದ ಚೀಲದಲ್ಲಿ ಅವನ ಮಳಿಗೆಯ ಬೀಗದಕೈ ಹೊಳೆಯಿತು. ಅದರ ಪಕ್ಕದಲ್ಲಿ, ಕಪ್ಪು ದಾರದ ಸಮೇತ, ಹಿತ್ತಾಳೆಯ ಸೀಟಿ.

ನಿಂಬೆಹಣ್ಣು ಕಂಡುಹಿಡಿದ ತಲೆ ಮತ್ತೆ ಓಡಿತು. ಭಯವೆಲ್ಲ ಬೆವರಿನಂತೆ ಇಳಿಯಿತು. "ಗೊತ್ತಾಯ್ತು ಬಿಡಿ ಅತ್ತೆ," ಎಂದ ಮೆಲ್ಲಗೆ. "ಹೊಗೆ ಕಂಡು ಊದಿದ್ದು ನೀವೇ. ನಾನು ಹುಣಸೂರಿಗೆ ಹೋಗಬಾರದು, ಅಷ್ಟೇ ತಾನೆ?"

ಶಿವರುದ್ರಮ್ಮ ಅಡಿಕೆ ಅಗಿಯುತ್ತಲೇ ಸೀಟಿಯನ್ನು ಎತ್ತಿ ಅವನ ಕೈಗಿಟ್ಟರು. "ಊದಿ ನೋಡಿ."

ಅವನು ತಿರುಗಿಸಿ ನೋಡಿದ. ಸೀಟಿ ಅಪ್ಪಚ್ಚಿಯಾಗಿತ್ತು. ಬಾಯಿ ಮುಚ್ಚಿಕೊಂಡು ಒಡಲು ಸೀಳಿತ್ತು. ಆದರೂ ತುಟಿಗಿಟ್ಟು ಕೆನ್ನೆ ಉಬ್ಬಿಸಿ ಊದಿದ. ಬರೀ ಗಾಳಿ. ಅರ್ಧ ಒಣಗಿದ ಸೋಪಿನ ಒಂದು ಗುಳ್ಳೆ ಮಾತ್ರ ಎದ್ದು ಒಡೆಯಿತು.

"ಅವ್ರು ಸತ್ತ ದಿನ ಕೈಯಿಂದ ಜಾರಿ ಬಿತ್ತು. ಮೇಲೆ ಗಾಡಿ ಗಾಲಿ ಅತ್ತೋಯ್ತು," ಎಂದರು ಅತ್ತೆ. "ಅವತ್ನಿಂದ ಯಾರೂ ಊದ್ನಿಲ್ಲ."

ಸೀಟಿಯನ್ನು ವಾಪಸು ಚೀಲಕ್ಕೆ, ಬೀಗದಕೈಯ ಮೇಲೆ ಹಾಕಿ ಬಾಯಿ ದಾರ ಎಳೆದರು. ರಮ್ಯ ಒಳಗಿನಿಂದ ಬಂದು ದೀಪಕ್ಕೆ ಕಡ್ಡಿ ಗೀರಿದಳು. ವೀರಭದ್ರಸ್ವಾಮಿ ಜೇಬಿಗೆ ಕೈ ಹಾಕಿ ಮುಟ್ಟಿ ನೋಡಿಕೊಂಡ. ಬ್ಯಾಟರಿ ತಂತಿ ಎರಡೂ ಅಲ್ಲೇ ಇದ್ದವು.

ಬ್ಯಾರನ್ ಕಡೆಯಿಂದ ಸೀಟಿ ಊದಿತು. ಒಂದು. ಎರಡು. ಮೂರು.

ಈ ಸಲ ಊರು ಓಡಲಿಲ್ಲ. ಎದುರುಮನೆಯಲ್ಲಿ ರಾಚಮ್ಮ ತಲೆ ಕೂಡ ಎತ್ತಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಕರೆ ಯಾರಿಗೆಂದು.

"ಅಳಿಯಂದ್ರೆ," ಎಂದರು ಶಿವರುದ್ರಮ್ಮ, ಒಂದು ಬದಿಗೆ ಸರಿದು ದಾರಿ ಬಿಡುತ್ತಾ. "ಗಡ್ಡ ಆಮೇಲೆ ಹೆರ್ಕಬೋದು. ಓಗಿ."